ಕಾಲೇಜಿನ ಮೆಟ್ಟಿಲು ಮತ್ತು ನಮ್ಮ ವಿಕಲಚೇತನ ಮಕ್ಕಳು

(ಇಳಕಲ್ಲಿನಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಮಕ್ಕಾದಲ್ಲಿ ಪ್ರವಾದಿವರ್ಯರು(ಸ) ಕುರೈಷ್ ಮುಖಂಡರೊಂದಿಗೆ ಮಾತುಕತೆಯಲ್ಲಿ ತೊಡಗಿದ್ದಾಗ ಒಬ್ಬ ಅಂಧ ವ್ಯಕ್ತಿ ಅಲ್ಲಿಗೆ ಬಂದರು. ಅವರು ಹಝ್ರತ್ ಅಬ್ದುಲ್ಲಾಹ್ ಬಿನ್ ಉಮ್ಮು ಮಕ್ತೂಮ್(ರ). ಅವರು ಹಣ ಕೇಳಲಿಲ್ಲ, ಊಟ ಕೇಳಲಿಲ್ಲ. ಅಲ್ಲಾಹನು ಕಲಿಸಿದ್ದನ್ನು ತಮಗೂ ಕಲಿಸಿರೆಂದು ಕೇಳಿದರು. ಆ ಹೊತ್ತಿಗೆ ಆ ಪ್ರಶ್ನೆ ಮಾತಿನ ನಡುವೆ ಬಂದ ಅಡ್ಡಿಯಾಗಿ ಕಂಡಿತು. ಪ್ರವಾದಿವರ್ಯರ ಮುಖ ಗಂಟಿಕ್ಕಿತು. ಮುಂದೆ ಏನಾಯಿತೆಂಬುದು ನಿಮಗೆಲ್ಲ ತಿಳಿದಿದೆ. ದಿವ್ಯ ಕುರ್‌ಆನಿನ ‘ಅಬಸ’ ಅಧ್ಯಾಯ ಆ ಸಂದರ್ಭದಲ್ಲಿಯೇ ಅವತೀರ್ಣವಾಯಿತು. ಪ್ರತಿಷ್ಠಿತರ ಮನವೊಲಿಸುವ ಕೆಲಸಕ್ಕಿಂತ ಕಲಿಯಲು ಬಂದ ಆ ಅಂಧನ ಹಂಬಲ ದೊಡ್ಡದೆಂದು ಅಲ್ಲಾಹನು ತಿದ್ದಿದನು. ಅದೇ ಅಂಧ ಸಹಾಬಿಯವರನ್ನು ಮುಂದೆ ಪ್ರವಾದಿವರ್ಯರು(ಸ) ಮದೀನಾದ ಮಸೀದಿಯಲ್ಲಿ ಅಝಾನ್ ಕೊಡಲು ನೇಮಿಸಿದರು. ತಾವು ಊರಿನಿಂದ ಹೊರಗೆ ಹೋಗುವಾಗ ಹಲವು ಬಾರಿ ಮದೀನಾದ ಹೊಣೆಯನ್ನು ಅವರಿಗೆ ವಹಿಸಿ ಹೋದರು.

ಈ ಪ್ರಸಂಗವನ್ನು ನಾವು ಮಿಂಬರಿನಿಂದ ಅನೇಕ ಸಲ ಕೇಳಿದ್ದೇವೆ. ವಿನಯದ ಪಾಠವೆಂದು ಕೇಳಿದ್ದೇವೆ, ಅಹಂಕಾರದ ವಿರುದ್ಧದ ಎಚ್ಚರಿಕೆಯೆಂದು ಕೇಳಿದ್ದೇವೆ. ಆದರೆ ಬಂದವರು ಒಬ್ಬ ವಿಕಲಚೇತನ ವಿದ್ಯಾರ್ಥಿ ಎಂಬ ಅಂಶದ ಮೇಲೆ ನಿಂತು ಯೋಚಿಸಿದವರು ಕಡಿಮೆ. ಇಂದು ಅಂತಹ ವಿದ್ಯಾರ್ಥಿ ಬಾಗಲಕೋಟೆಯ, ಬಾದಾಮಿಯ, ಹುನಗುಂದದ ಅಥವಾ ನಮ್ಮ ಇಳಕಲ್ಲಿನ ಯಾವುದಾದರೊಂದು ಕಾಲೇಜಿನ ಬಾಗಿಲಿಗೆ ಬಂದರೆ ಅವನಿಗೆ ಏನು ಸಿಗಬೇಕು, ಅದನ್ನು ಅವನು ಹೇಗೆ ಪಡೆಯಬೇಕು ಎಂಬುದೇ ಇಂದಿನ ವಿಷಯ. ಅದಕ್ಕೂ ಮೊದಲು ಅವನು ಮನೆಯ ಬಾಗಿಲು ದಾಟಿ ಹೊರಗೆ ಬರಬೇಕಲ್ಲ, ಮೊದಲ ಮಾತು ಆ ಬಾಗಿಲಿನದು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. 2006ರ ಸಾಚಾರ್ ಸಮಿತಿ ವರದಿಯು 20 ವರ್ಷ ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ ಎಂದು ಹೇಳಿತ್ತು. ಈ ಎರಡು ಅಂಕಿಗಳು ಸಂಧಿಸುವ ಸ್ಥಳದಲ್ಲಿ, ಅಂದರೆ ವಿಕಲಚೇತನರೂ ಮುಸ್ಲಿಮರೂ ಆದ ಪದವಿ ವಿದ್ಯಾರ್ಥಿಗಳ ಸ್ಥಾನದಲ್ಲಿ, ಎಷ್ಟು ಮಂದಿ ಉಳಿದಿರಬಹುದೆಂದು ನೀವೇ ಊಹಿಸಿರಿ. ನಮ್ಮ ಮೊಹಲ್ಲಾಗಳಲ್ಲಿ ಅಂಧ ಬಾಲಕನಿದ್ದರೆ ಅವನನ್ನು ಹಿಫ್ಝ್‌ಗೆ ಕಳುಹಿಸುತ್ತೇವೆ. ಅದು ಶ್ರೇಷ್ಠ ಕಾರ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಫ್ಝ್ ಮುಗಿಸಿದ ಅವನು ಬಿ.ಎ. ಓದಬಾರದೆಂದು ಯಾರು ಹೇಳಿದರು? ಯೌವನದಲ್ಲೇ ದೃಷ್ಟಿ ಕಳೆದುಕೊಂಡ ಶೈಖ್ ಅಬ್ದುಲ್ ಅಝೀಝ್ ಬಿನ್ ಬಾಝ್‌ರವರು ಮದೀನಾದ ಇಸ್ಲಾಮೀ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು, 1993ರಿಂದ 1999ರಲ್ಲಿ ನಿಧನರಾಗುವ ವರೆಗೆ ಸೌದಿ ಅರೇಬಿಯಾದ ಪ್ರಧಾನ ಮುಫ್ತಿಯಾಗಿದ್ದರು. ಅವರಿಗೆ ಗ್ರಂಥಗಳನ್ನು ಓದಿ ಹೇಳುವವರಿದ್ದರು. ಬಾದಾಮಿಗೆ ನೆರೆಯ ಗದಗಿನಲ್ಲಿ, ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ನಂತರ 2010ರಲ್ಲಿ ನಿಧನರಾದ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ವಿದ್ಯೆಯ ದಾರಿ ತೋರಿದರು. ಓದಿ ಹೇಳುವವರು, ಬರೆದು ಕೊಡುವವರು, ಕೈಹಿಡಿದು ಕರೆದೊಯ್ಯುವವರು ಇದ್ದಲ್ಲಿ ವಿದ್ಯೆ ಬೆಳೆದಿದೆ.

ಇನ್ನು ಮನೆಯೊಳಗಿನ ಕಹಿ ಮಾತು. ಅನೇಕ ಮನೆಗಳಲ್ಲಿ ಮಗನಿಗೋ ಮಗಳಿಗೋ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸುವುದೇ ಇಲ್ಲ. ಕಾರಣ ಕೇಳಿದರೆ, “ಹಿರಿಯ ಮಗಳ ಸಂಬಂಧ ನೋಡುತ್ತಿದ್ದೇವೆ, ಅದು ಮುಗಿಯಲಿ” ಎನ್ನುತ್ತಾರೆ. ಕಿವಿ ಕೇಳದ ಹುಡುಗಿಯನ್ನು ‘ಸ್ವಲ್ಪ ಮಂದ’ ಎಂದು ಹೇಳಿ ಪಿ.ಯು.ಸಿ.ಗೆ ನಿಲ್ಲಿಸುತ್ತಾರೆ. 2ಬಿ ಪ್ರಮಾಣಪತ್ರಕ್ಕಾಗಿ ತಹಶೀಲ್ದಾರ್ ಕಚೇರಿಯ ಮುಂದೆ ದಿನವಿಡೀ ಸಾಲು ನಿಲ್ಲುವ ತಂದೆ, ಮಗನ ಕಣ್ಣಿನ ಪ್ರಮಾಣಪತ್ರಕ್ಕೆ ನಾಚುತ್ತಾನೆ. ಅಲ್ಲಾಹನು ಕೊಟ್ಟ ಶರೀರದ ಸ್ಥಿತಿಯನ್ನು ಕಾಗದದಲ್ಲಿ ಬರೆಸಲು ಯಾವ ನಾಚಿಕೆ? ಒಂದು ಸಂಬಂಧ ಉಳಿಸಲು ಒಂದು ಮಗುವಿನ ಇಡೀ ವಿದ್ಯಾಭ್ಯಾಸವನ್ನು ಬಲಿಕೊಡುವ ಈ ಲೆಕ್ಕವನ್ನು ಶರೀಅತ್ ಕಲಿಸಿಲ್ಲ. ಸಂಬಂಧದ ಮಾತುಕತೆಯಲ್ಲಿ ಮುಚ್ಚಿಟ್ಟ ವಿಷಯ ನಿಕಾಹ್ ಆದ ಮೇಲೆ ಹೊರಬಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಜಮಾಅತ್‌ಗಳ ಪಂಚಾಯತಿಗಳಲ್ಲಿ ಕುಳಿತ ಹಿರಿಯರು ಬಲ್ಲರು.

ಕೆಲವರು, ಅದರಲ್ಲೂ ಓದಿದವರು, ಬೇರೊಂದು ಮಾತು ಹೇಳುತ್ತಾರೆ: ಹೆಚ್ಚುವರಿ ಸಮಯ, ಬರೆದು ಕೊಡುವವರು, ಇದೆಲ್ಲ ಇತರ ವಿದ್ಯಾರ್ಥಿಗಳಿಗೆ ಅನ್ಯಾಯವಲ್ಲವೇ ಎಂದು. ಇವರಿಗೆ ನಾವು ನಮಾಝನ್ನು ನೆನಪಿಸುತ್ತೇವೆ. ನಿಂತು ನಮಾಝ್ ಮಾಡಲಾಗದವನು ಕುಳಿತು ಮಾಡಲಿ, ಕುಳಿತೂ ಆಗದವನು ಮಲಗಿ ಮಾಡಲಿ ಎಂಬುದು ಪ್ರವಾದಿವರ್ಯರು(ಸ) ಕಲಿಸಿದ ಕ್ರಮ. ಇಲ್ಲಿ ನಮಾಝ್ ಮನ್ನಾ ಆಗಲಿಲ್ಲ. ರಕಅತ್‌ಗಳು ಕಡಿಮೆಯಾಗಲಿಲ್ಲ. ಮಾಡುವ ವಿಧಾನ ಮಾತ್ರ ಬದಲಾಯಿತು. ಕುಳಿತು ಮಾಡಿದವನ ಫರ್ಝ್ ಅರ್ಧವೆಂದು ಯಾವ ಫಿಕ್ಹ್ ಗ್ರಂಥವೂ ಹೇಳಿಲ್ಲ. ಕಾನೂನು ‘ಯುಕ್ತ ಹೊಂದಾಣಿಕೆ’ ಎಂದು ಕರೆಯುವುದು ಇದನ್ನೇ. ಪ್ರಶ್ನೆಪತ್ರಿಕೆ ಅದೇ, ಉತ್ತರ ಅವನದೇ, ಅಂಕ ಕೊಡುವ ಅಳತೆಗೋಲು ಅದೇ. ಕೈ ನಡುಗುವವನ ಉತ್ತರವನ್ನು ಇನ್ನೊಬ್ಬನ ಕೈ ಬರೆಯುತ್ತದೆ, ಅಷ್ಟೇ.

ಕಾನೂನಿನ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ 1995ರಲ್ಲಿ ಒಂದು ಕಾಯ್ದೆ ಬಂದಿತ್ತು. ಅದರಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರಲ್ಲಿ 21 ಬಗೆಗಳಿವೆ. ಮಂದದೃಷ್ಟಿ, ಕಲಿಕಾ ನ್ಯೂನತೆ, ಆಟಿಸಂ, ಮಾನಸಿಕ ಅಸ್ವಸ್ಥತೆ, ಸ್ನಾಯುಕ್ಷಯ, ಥಲಸ್ಸೇಮಿಯಾ, ಸಿಕಲ್ ಸೆಲ್ ರೋಗ, ಆಸಿಡ್ ದಾಳಿಗೆ ತುತ್ತಾದವರು, ಇವರೆಲ್ಲ ಇದರಲ್ಲಿ ಸೇರಿದ್ದಾರೆ. ಆದ್ದರಿಂದ ‘ನಮ್ಮ ಹುಡುಗನಿಗೆ ಕೈಕಾಲು ಸರಿಯಿದೆ, ಅವನೇನು ವಿಕಲಚೇತನನಲ್ಲ’ ಎಂದು ಬೇಗನೆ ತೀರ್ಮಾನಿಸಬೇಡಿರಿ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 5 ಸ್ಥಾನಗಳನ್ನು ಕಾದಿರಿಸಬೇಕು, ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆ ಕೊಡಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಇತ್ಯಾದಿ ಬದಲಾವಣೆಗಳನ್ನು ಕಾಯ್ದೆಯ 17ನೇ ಕಲಮು ಹೆಸರಿಸಿಯೇ ಹೇಳುತ್ತದೆ.

ಬಾಗಲಕೋಟೆಯವರಿಗೆ ಹಕ್ಕು ಮತ್ತು ದಾನದ ವ್ಯತ್ಯಾಸವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನೊಳಗೆ ಬಂದಾಗ ಮುಳುಗಡೆಯಾದ ಮನೆಯವರು ಯಾರ ಮುಂದೆಯೂ ಕೈಚಾಚಿ ಭಿಕ್ಷೆ ಕೇಳಲಿಲ್ಲ. ಪರಿಹಾರ ಕೇಳಿದರು, ನಿವೇಶನ ಕೇಳಿದರು, ಕಡಿಮೆ ಬಂದಾಗ ನ್ಯಾಯಾಲಯಕ್ಕೆ ಹೋದರು. ನವನಗರ ಹುಟ್ಟಿದ್ದು ಹಾಗೆ. ಅಂದು ಯಾರೂ ‘ಮುಳುಗಡೆ ಸಂತ್ರಸ್ತ’ ಎಂಬ ಕಾಗದ ಹಿಡಿಯಲು ನಾಚಲಿಲ್ಲ. ವಿಕಲಚೇತನರ ಗುರುತಿನ ಚೀಟಿಯನ್ನೂ ಅದೇ ದೃಷ್ಟಿಯಿಂದ ನೋಡಿರಿ.

ಮೊದಲ ಕೆಲಸ ಆ ಚೀಟಿಯೇ. ಯು.ಡಿ.ಐ.ಡಿ. ಎಂದು ಕರೆಯುವ ಈ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ಇಳಕಲ್ಲಿನಿಂದ ಹುನಗುಂದ, ಅಮೀನಗಡ ದಾಟಿ ನವನಗರದ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರುವುದು ಊರುಗೋಲಿನವನಿಗೆ ಒಂದಿಡೀ ದಿನದ ಕೆಲಸ. ಆದ್ದರಿಂದ ಸಂಬಂಧಪಟ್ಟ ವೈದ್ಯರು ಯಾವ ದಿನ ಇರುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಹೋಗಿರಿ, ಹಳೆಯ ಚಿಕಿತ್ಸೆಯ ಎಲ್ಲ ಕಾಗದಗಳನ್ನೂ ಒಯ್ಯಿರಿ. ತಾಲೂಕಿಗೊಬ್ಬರಂತೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಎಂ.ಆರ್.ಡಬ್ಲ್ಯೂ. ಎಂದರೆ ತಾಲೂಕು ಪಂಚಾಯತಿಯಲ್ಲಿ ತೋರಿಸುತ್ತಾರೆ. ಇವರು ಸ್ವತಃ ವಿಕಲಚೇತನರೇ ಆಗಿರುವುದರಿಂದ ದಾರಿಯ ಏರುಪೇರು ಅವರಿಗೆ ಗೊತ್ತು. ವಿದ್ಯಾರ್ಥಿವೇತನ, ಅಂಧ ವಿದ್ಯಾರ್ಥಿಗಳ ಲ್ಯಾಪ್‌ಟಾಪ್, ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು, ಎಲ್ಲಕ್ಕೂ ಮೂಲ ಈ ಚೀಟಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತವಾಗಿದೆ, ಸರಿ. ಆದರೆ ಉಚಿತ ಬಸ್ಸಿನ ಎತ್ತರದ ಮೆಟ್ಟಿಲನ್ನು ಕ್ಯಾಲಿಪರ್ ತೊಟ್ಟ ಹುಡುಗಿ ಹತ್ತುವುದು ಹೇಗೆಂಬುದನ್ನು ಯೋಜನೆ ಮಾಡಿದವರು ಯೋಚಿಸಿದಂತಿಲ್ಲ.

ಎರಡನೆಯದು, ನಿಮ್ಮ ಮಗ ಓದುವುದು ಯಾವ ವಿಶ್ವವಿದ್ಯಾಲಯದ ಅಧೀನದಲ್ಲಿ ಎಂಬುದನ್ನು ತಿಳಿದುಕೊಳ್ಳುವುದು. ಇದು ಹಾಸ್ಯದ ಮಾತಲ್ಲ. ಈ ಭಾಗದ ಪದವಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದವು, 2010ರ ನಂತರ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದವು. ಮುಂದೆ 2022ರ ತಿದ್ದುಪಡಿಯಿಂದ ರಾಜ್ಯದಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಬಂದಿತು. ಇಂತಹ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಸಂಪುಟ ಉಪಸಮಿತಿಯಲ್ಲೇ ಬಂದಿತು. ಒಂದು ಸರ್ಕಾರ ಹಣ ಕೊಡದೆ ಹುಟ್ಟಿಸುವುದು, ಇನ್ನೊಂದು ಸರ್ಕಾರ ಹಣವಿಲ್ಲವೆಂದು ಮುಚ್ಚಲು ಹೊರಡುವುದು, ಈ ಆಟದಲ್ಲಿ ಮೊದಲು ಪೆಟ್ಟು ತಿನ್ನುವವನು ದೂರದ ಊರಿಗೆ ಅಲೆಯಲಾರದ ವಿದ್ಯಾರ್ಥಿ. ಇಂಜಿನಿಯರಿಂಗ್ ಆದರೆ ಬೆಳಗಾವಿಯ ವಿ.ಟಿ.ಯು., ವೈದ್ಯಕೀಯ ಅಥವಾ ನರ್ಸಿಂಗ್ ಆದರೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಲಿಪಿಕಾರರ ಅನುಮತಿ, ಪರೀಕ್ಷಾ ಕೇಂದ್ರದ ಬದಲಾವಣೆ ಇವೆಲ್ಲ ಕೊನೆಗೆ ಹೋಗಿ ನಿಲ್ಲುವುದು ಆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ.

ಮೂರನೆಯದು ಅರ್ಜಿ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಅನೇಕರು ಬಿಡುವುದು ಇಲ್ಲಿಯೇ. ಪ್ರವೇಶದ ದಿನ ಗುಮಾಸ್ತರಿಗೆ ಬಾಯಿಮಾತಿನಲ್ಲಿ ಹೇಳಿ ಬರುತ್ತಾರೆ, ಅವರು “ನೋಡೋಣ” ಎನ್ನುತ್ತಾರೆ. ಪರೀಕ್ಷೆಯ ಹಿಂದಿನ ದಿನ ಹೋದರೆ “ನೀವು ಮೊದಲೇ ಹೇಳಲಿಲ್ಲ” ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳಿಲ್ಲ, ಕಾಗದ ಮಾತ್ರ ಇಲ್ಲ. ಆದ್ದರಿಂದ ಪ್ರವೇಶ ಅರ್ಜಿಯ ವಿಕಲಚೇತನ ಅಂಕಣವನ್ನು ತಪ್ಪದೆ ತುಂಬಿಸಿರಿ. ಈಗ ರಾಜ್ಯದ ಪದವಿ ಕಾಲೇಜುಗಳ ಪ್ರವೇಶ ಮತ್ತು ಪರೀಕ್ಷೆ ಬಹುಪಾಲು ಗಣಕಯಂತ್ರದ ಮೂಲಕವೇ ಆಗುವುದರಿಂದ ಒಮ್ಮೆ ಬಿಟ್ಟುಹೋದ ಅಂಕಣವನ್ನು ಆಮೇಲೆ ತಿದ್ದಿಸುವುದು ದೊಡ್ಡ ತಲೆನೋವು. ನಂತರ ತರಗತಿಗಳು ಆರಂಭವಾದ ಮೊದಲ ವಾರದಲ್ಲೇ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಡಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿರಿ.

ಅರ್ಜಿಯಲ್ಲಿ ‘ಬಡವರು, ಅಂಗವಿಕಲರು, ದಯಮಾಡಿ ಸಹಾಯ ಮಾಡಬೇಕು’ ಎಂದು ಬರೆಯುವ ರೂಢಿಯಿದೆ. ಓದಿದವರಿಗೆ ಕನಿಕರ ಬರಬಹುದು, ಆದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅಡ್ಡಿ ಯಾವುದು, ಅದಕ್ಕೆ ಪರಿಹಾರ ಯಾವುದು, ಇವೆರಡನ್ನೇ ಬರೆಯಿರಿ. ಒಬ್ಬ ನೇಕಾರನ ಮಗನಿದ್ದಾನೆ, ಪೋಲಿಯೋದಿಂದ ಕಾಲು ಸೊರಗಿದೆ ಎಂದಿಟ್ಟುಕೊಳ್ಳೋಣ. ಅವನು ಬರೆಯಬೇಕಾದ್ದು ಇಷ್ಟು: ನಮ್ಮ ವಿಭಾಗದ ಇಷ್ಟು ತರಗತಿಗಳು ಮೊದಲ ಮಹಡಿಯಲ್ಲಿವೆ, ನಾನು ಮೆಟ್ಟಿಲು ಹತ್ತಲಾರೆ, ಅವುಗಳನ್ನು ನೆಲಮಹಡಿಯ ಕೊಠಡಿಗೆ ಬದಲಾಯಿಸಬೇಕು. ವೇಳಾಪಟ್ಟಿಯಲ್ಲಿ ಎರಡು ಕೊಠಡಿಗಳನ್ನು ಅದಲುಬದಲು ಮಾಡಲು ಒಂದು ಪೈಸೆಯೂ ಖರ್ಚಿಲ್ಲ. ಲಿಫ್ಟ್ ಬೇಕೆಂದು ಕೇಳಿ ಮೂರು ವರ್ಷ ಕಾಯುವುದಕ್ಕಿಂತ ಈ ಬದಲಾವಣೆ ಮುಂದಿನ ಸೋಮವಾರವೇ ಸಾಧ್ಯ. ಲಿಫ್ಟಿನ ಬೇಡಿಕೆಯನ್ನು ಬಿಡಬೇಕೆಂದಲ್ಲ, ಅದನ್ನು ಬೇರೆ ಅರ್ಜಿಯಲ್ಲಿ ಕೇಳಿರಿ.

ಮೆಟ್ಟಿಲಿನ ಮಾತು ಬಂದಿತು. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಆ ಕಾಲದ ಶಿಲ್ಪಿಗಳು ಬಂಡೆಯ ಎತ್ತರಕ್ಕೆ ಮೆಟ್ಟಿಲು ಕಡಿದರೆ ಅವರನ್ನು ದೂರಲಾಗದು. ಆದರೆ 1995ರ ಕಾಯ್ದೆ ಬಂದ ನಂತರ ಬಯಲು ಭೂಮಿಯಲ್ಲಿ ಕಟ್ಟಿದ ಕಾಲೇಜಿಗೂ ಗುಹೆಯಷ್ಟೇ ಮೆಟ್ಟಿಲುಗಳಿದ್ದರೆ ಏನೆನ್ನಬೇಕು? ನ್ಯಾಕ್ ತಂಡ ಬರುವ ವರ್ಷ ಇಳಿಜಾರು ಕಟ್ಟುತ್ತಾರೆ. ಕೆಲವೆಡೆ ಅದು ಎಷ್ಟು ಕಡಿದಾಗಿರುತ್ತದೆಂದರೆ ಗಾಲಿಕುರ್ಚಿ ಹತ್ತುವುದಿಲ್ಲ, ಪ್ರಾಂಶುಪಾಲರ ಮೋಟಾರ್ ಸೈಕಲ್ ಹತ್ತುತ್ತದೆ. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟ್ ಜಗತ್ಪ್ರಸಿದ್ಧ, ಆದರೆ ಕನ್ನಡಿಯಂತೆ ಹೊಳಪು ಕೊಟ್ಟ ಕಲ್ಲನ್ನು ಇಳಿಜಾರಿಗೆ ಹಾಸಿದರೆ ಮಳೆಗಾಲದಲ್ಲಿ ಊರುಗೋಲು ಜಾರುತ್ತದೆ. ಒರಟು ಕಲ್ಲು ಅಗ್ಗವೂ ಹೌದು, ಸುರಕ್ಷಿತವೂ ಹೌದು.

ಮಂದದೃಷ್ಟಿಯ ಮತ್ತು ಅಂಧ ವಿದ್ಯಾರ್ಥಿಗಳ ತೊಡಕು ಬೇರೆ ಬಗೆಯದು. ಇಂದು ಎನ್.ವಿ.ಡಿ.ಎ. ಎಂಬ ಉಚಿತ ತಂತ್ರಾಂಶ ಗಣಕಯಂತ್ರದ ಪರದೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅಧ್ಯಾಪಕರು ಕೊಡುವ ಕನ್ನಡ ಟಿಪ್ಪಣಿಗಳು ಹಳೆಯ ನುಡಿ ಅಕ್ಷರಶೈಲಿಯಲ್ಲಿದ್ದರೆ ಅದರ ಬಾಯಿಂದ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಹೊರಬರುತ್ತದೆ. ಕೈಬರಹದ ಪುಟದ ಫೋಟೋ ತೆಗೆದು ಮೊಬೈಲಿಗೆ ಕಳುಹಿಸಿದರೆ ಅದೂ ಬಾಯಿ ಬಿಡುವುದಿಲ್ಲ. ಹುಡುಗನಿಗೆ ಟಿಪ್ಪಣಿ ಕೊಟ್ಟಿದ್ದೇವೆಂದು ಅಧ್ಯಾಪಕರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ, ಹುಡುಗನ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಒಂದು ವಾಕ್ಯ ಸೇರಿಸಿರಿ: ಟಿಪ್ಪಣಿಗಳನ್ನು ಯುನಿಕೋಡ್‌ನಲ್ಲಿ ಕೊಡಬೇಕು. ನುಡಿಯಿಂದ ಯುನಿಕೋಡ್‌ಗೆ ಪರಿವರ್ತಿಸುವುದು ಕೆಲವೇ ನಿಮಿಷಗಳ ಕೆಲಸ, ಇಲ್ಲಿ ಕುಳಿತಿರುವ ಯುವಕರಲ್ಲಿ ಎಷ್ಟೋ ಜನ ಅದನ್ನು ಬಲ್ಲರು. ಕಿವಿ ಕೇಳದವರಿಗೆ ಮೊದಲ ಸಾಲಿನ ಆಸನ, ಅಧ್ಯಾಪಕರು ಕಪ್ಪುಹಲಗೆಯ ಕಡೆ ಮುಖ ಮಾಡಿ ಮಾತನಾಡದಿರುವುದು, ಮುಖ್ಯಾಂಶಗಳನ್ನು ಬರೆದು ಕೊಡುವುದು, ಇವೂ ಖರ್ಚಿಲ್ಲದ ಕೆಲಸಗಳೇ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಸಭೆಯಲ್ಲಿ ಹೇಳಲು ಸಂಕೋಚವಾದರೂ ಹೇಳಲೇಬೇಕು. ಶೌಚಾಲಯ. ಗಾಲಿಕುರ್ಚಿ ಒಳಗೆ ಹೋಗುವ, ಕೈಹಿಡಿಯಲು ಸರಳಿರುವ ಒಂದು ಶೌಚಾಲಯವಿಲ್ಲದ ಕಾರಣ ಬೆಳಿಗ್ಗೆಯಿಂದ ನೀರು ಕುಡಿಯದೆ ತರಗತಿಯಲ್ಲಿ ಕೂರುವ ಹುಡುಗಿಯರಿದ್ದಾರೆ. ಅವರು ಅದನ್ನು ಅರ್ಜಿಯಲ್ಲಿ ಬರೆಯುವುದಿಲ್ಲ, ತಂದೆಗೂ ಹೇಳುವುದಿಲ್ಲ. ಕೊನೆಗೆ ಕಾಲೇಜು ಬಿಡುತ್ತಾರೆ. ಬಿಟ್ಟ ಕಾರಣವನ್ನು ಕೇಳಿದರೆ ‘ಮನೆಯಲ್ಲಿ ಕೆಲಸವಿತ್ತು’ ಎನ್ನುತ್ತಾರೆ. ತಾಯಂದಿರು ಪ್ರವೇಶಕ್ಕೆ ಮೊದಲೇ ಕಾಲೇಜಿಗೆ ಹೋಗಿ ಇದೊಂದನ್ನು ಕಣ್ಣಾರೆ ನೋಡಿ ಬರಬೇಕು.

ಇನ್ನು ಪರೀಕ್ಷೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೆಂದು ಗೊತ್ತುಪಡಿಸಿತು. ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಲಿಪಿಕಾರರನ್ನು ಪಡೆಯದವರಿಗೂ ಈ ಸಮಯ ಅನ್ವಯಿಸುತ್ತದೆಂದು ಅದು ಹೇಳಿತು. ಲಿಪಿಕಾರರ ವಿದ್ಯಾರ್ಹತೆ ಎಷ್ಟಿರಬೇಕು, ಅವರನ್ನು ಯಾರು ಗೊತ್ತುಮಾಡಬೇಕು ಎಂಬ ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ ಆಯಾ ವರ್ಷದ ಸುತ್ತೋಲೆಯನ್ನೇ ಕೇಳಿ ಓದಿರಿ. ಹಿಂದಿನ ವರ್ಷ ಬರೆದವರ ಮಾತಿನ ಮೇಲೆ ನಿಲ್ಲಬೇಡಿರಿ. ಆಂತರಿಕ ಪರೀಕ್ಷೆಗಳಿಗೂ ಈ ಸೌಲಭ್ಯ ಬೇಕೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಇಲ್ಲವಾದರೆ ಅದು ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಮಾತ್ರ ಎಂದು ತಿಳಿಯುವವರಿದ್ದಾರೆ.

‘ನಿಮ್ಮದು ಶೇ. 40 ಇಲ್ಲ, ಆದ್ದರಿಂದ ಲಿಪಿಕಾರರಿಲ್ಲ’ ಎಂಬ ಉತ್ತರ ಬರಬಹುದು. ಸುಪ್ರೀಂ ಕೋರ್ಟು 2021ರ ಫೆಬ್ರವರಿ 11ರಂದು ವಿಕಾಸ್ ಕುಮಾರ್ ಮತ್ತು ಯು.ಪಿ.ಎಸ್.ಸಿ. ನಡುವಣ ಮೊಕದ್ದಮೆಯಲ್ಲಿ ಈ ಉತ್ತರವನ್ನು ತಳ್ಳಿಹಾಕಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ಒಬ್ಬ ಅಭ್ಯರ್ಥಿಯ ಪ್ರಕರಣವದು. ಶೇ. 40ರ ಅಳತೆ ಮೀಸಲಾತಿಯಂತಹ ಸೌಲಭ್ಯಗಳಿಗೆ ಹೊರತು ಯುಕ್ತ ಹೊಂದಾಣಿಕೆಗೆ ಅಲ್ಲವೆಂಬುದು ಅದರ ಸಾರ. ಇದರ ನಂತರ 2022ರ ಆಗಸ್ಟ್‌ನಲ್ಲಿ ಕೇಂದ್ರವು ಶೇ. 40ಕ್ಕಿಂತ ಕಡಿಮೆ ವೈಕಲ್ಯದಿಂದ ಬರೆಯಲು ಕಷ್ಟವಾಗುವವರಿಗೂ ಮಾರ್ಗಸೂಚಿ ಹೊರಡಿಸಿತು. ವೈದ್ಯಕೀಯ ಪ್ರವೇಶದಲ್ಲಿಯೂ ಶೇಕಡಾವಾರು ವೈಕಲ್ಯವೊಂದನ್ನೇ ನೋಡಿ ಬಾಗಿಲು ಹಾಕಬಾರದು, ಆ ವಿದ್ಯಾರ್ಥಿ ಓದಬಲ್ಲನೇ ಎಂದು ಪರೀಕ್ಷಿಸಬೇಕೆಂದು 2024ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ ಹೇಳಿದೆ. ಕಾಲೇಜು ಒಪ್ಪದಿದ್ದರೆ ಅದರ ಕುಂದುಕೊರತೆ ಅಧಿಕಾರಿಗೆ, ಅನಂತರ ವಿಶ್ವವಿದ್ಯಾಲಯಕ್ಕೆ, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಅಧಿನಿಯಮ ಆಯುಕ್ತರಿಗೆ ಬರೆಯಬಹುದು. ಅಲ್ಲಿ ಬೆಲೆ ಬರುವುದು ಆ ಸ್ವೀಕೃತಿಯ ಪ್ರತಿಗೆ. ಜಗಳ ಕಾಯುವ ಅಗತ್ಯವಿಲ್ಲ. ಬಹಳಷ್ಟು ಪ್ರಾಂಶುಪಾಲರು ನಿಯಮ ತೋರಿಸಿದರೆ ಮಾಡಿಕೊಡುವವರೇ. ಅವರಿಗೂ ಸುತ್ತೋಲೆ ತಲುಪಿರುವುದಿಲ್ಲ.

ಸರ್ಕಾರಕ್ಕೆ ಇಷ್ಟು ಹೇಳಿದ ಮೇಲೆ ನಮ್ಮ ಆಡಳಿತ ಸಮಿತಿಗಳಿಗೂ ಒಂದು ಮಾತು. ನಮ್ಮ ಮಸೀದಿಗಳ ಪೈಕಿ ಎಷ್ಟಕ್ಕೆ ಇಳಿಜಾರಿದೆ? ಕುಳಿತು ವುಝೂ ಮಾಡಲಾಗದವನಿಗೆ ಎತ್ತರದ ನಲ್ಲಿ ಎಷ್ಟು ಕಡೆ ಇದೆ? ಅಂಜುಮನ್‌ಗಳು ನಡೆಸುವ ಶಾಲೆಗಳ ಕಟ್ಟಡಕ್ಕೆ ಎರಡನೆಯ ಮಹಡಿ ಏರಿಸುವಾಗ ಚಂದಾ ಕೇಳುತ್ತೇವೆ, ಕೆಳಗಿನ ನಾಲ್ಕು ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಇಳಿಜಾರಿಗೆ ಕೇಳುವುದಿಲ್ಲ. ರಮಝಾನಿನಲ್ಲಿ ಅಂಧನ ಕೈಗೆ ಝಕಾತಿನ ಹಣವಿಡುವುದು ಸುಲಭ. ವಾರಕ್ಕೆ ಎರಡು ಗಂಟೆ ಅವನಿಗೆ ಅರ್ಥಶಾಸ್ತ್ರದ ಪುಸ್ತಕ ಓದಿ ಹೇಳುವುದು ಕಷ್ಟ. ಆದರೆ ಅವನಿಗೆ ಬೇಕಾಗಿರುವುದು ಎರಡನೆಯದು.

ಆದ್ದರಿಂದ ಈ ಸಭೆಯಿಂದ ಏಳುವ ಮೊದಲು ಒಂದು ಕೆಲಸ ಮಾಡೋಣ. ಬಾಗಿಲ ಬಳಿ ಒಂದು ನೋಂದಣಿ ಪುಸ್ತಕ ಇಟ್ಟಿದೆ. ಲಿಪಿಕಾರರಾಗಿ ಕುಳಿತುಕೊಳ್ಳಲು, ಪಠ್ಯಗಳನ್ನು ಓದಿ ಧ್ವನಿಮುದ್ರಿಸಲು, ನವನಗರದ ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ಸಿದ್ಧರಿರುವವರು ಹೆಸರು ಬರೆಯಿರಿ. ಎಷ್ಟು ಓದಿದ್ದೀರಿ, ಯಾವ ಭಾಷೆಯಲ್ಲಿ ವೇಗವಾಗಿ ಬರೆಯಬಲ್ಲಿರಿ ಎಂಬುದನ್ನೂ ಬರೆಯಿರಿ. ಕನ್ನಡದಲ್ಲಿ ಬರೆಯುವವರು ಹೇಗೋ ಸಿಗುತ್ತಾರೆ. ಉರ್ದುವನ್ನು ಐಚ್ಛಿಕವಾಗಿ ತೆಗೆದುಕೊಂಡ ಅಂಧ ವಿದ್ಯಾರ್ಥಿಗೆ, ಅವನು ಹೇಳಿದ್ದನ್ನು ಶುದ್ಧ ಉರ್ದು ಲಿಪಿಯಲ್ಲಿ ಬರೆಯಬಲ್ಲ, ಆದರೆ ಅವನಿಗಿಂತ ಕೆಳಗಿನ ತರಗತಿಯಲ್ಲಿರುವ ಲಿಪಿಕಾರನನ್ನು ಹುಡುಕುವುದು ಬಹಳ ಕಷ್ಟ. ನಮ್ಮ ಉರ್ದು ಪ್ರೌಢಶಾಲೆ ಮತ್ತು ಪಿ.ಯು. ಕಾಲೇಜುಗಳ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಇದಕ್ಕೆ ಮುಂದೆ ಬರಬೇಕು. ಪರೀಕ್ಷಾ ಶುಲ್ಕದ ಸುತ್ತೋಲೆ ಬಂದ ದಿನವೇ ಲಿಪಿಕಾರರ ಅರ್ಜಿಯೂ ಹೋಗಬೇಕಾದ್ದರಿಂದ ಹುನಗುಂದ ಮತ್ತು ಬಾದಾಮಿಯಿಂದ ಬಂದ ಸಹೋದರರು ತಮ್ಮ ಊರಿನ ಪಟ್ಟಿಯನ್ನು ಅದಕ್ಕೂ ಮೊದಲೇ ಮಾಡಿಟ್ಟುಕೊಳ್ಳಲಿ.